ಕಂಪ್ಯೂಟರಿನಲ್ಲಿ ಹಾರಿದ್ದು ಹೊಲದಲ್ಲೂ ಹಾರುತ್ತದಾ?

ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಪುಟ್ಟ ಹೆಲಿಕಾಪ್ಟರೊಂದು ತಾನಾಗಿಯೇ ಗಾಳಿಯಲ್ಲಿ ಒಂದೇ ಕಡೆ ನಿಲ್ಲುವಂತೆ ಕಂಪ್ಯೂಟರಿನೊಳಗೆ ಕಲಿಸಿದ್ದಾನೆ. ಈಗ ನಿಜವಾದದ್ದು ಕೊಡಿಸು, ಇದೇ ಪ್ರೋಗ್ರಾಂ ಹಾಕ್ತೀನಿ ಅಂತಾನೆ. ಹಾರುತ್ತದಾ? ಡ್ರೋನ್ ಸಾಕಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಹಾರುತ್ತದೆ, ಎರಡು ಸೆಕೆಂಡು. ದುಡ್ಡು ಸ್ವಲ್ಪ ದಿನ ಜೇಬಲ್ಲೇ ಇರಲಿ.

ನಾನೂ ಒಂದು ಮಳೆಗಾಲವಿಡೀ ಸಿಮ್ಯುಲೇಟರ್ (ಕಂಪ್ಯೂಟರಿನೊಳಗಿನ ನಕಲಿ ಹಾರಾಟ) ಮುಂದೆ ರಿಮೋಟ್ ಹಿಡಿದು ಕೂತಿದ್ದವನು. ತಲೆಕೆಳಗಾಗಿ ಕೂಡ ಹಾರಿಸುತ್ತಿದ್ದೆ. ಡಿಸೆಂಬರಿನಲ್ಲಿ ರಾಗಿ ಕೊಯ್ದ ಹೊಲಕ್ಕೆ ನಿಜವಾದದ್ದನ್ನು ಒಯ್ದೆ. ಎರಡಡಿ ಎದ್ದಿತು. ಅದರದೇ ಗಾಳಿ ನೆಲಕ್ಕೆ ಬಡಿದು ಕಾಲಡಿ ಕದಡತೊಡಗಿತು. ನೋಡುತ್ತಿದ್ದಂತೆ ಮೂತಿ ನನ್ನ ಕಡೆ ತಿರುಗಿತು. ಮೂತಿ ನಮ್ಮ ಕಡೆ ಬಂದರೆ ಎಡ ಬಲ ಅದಲುಬದಲು. ಗಾಬರಿಯಲ್ಲಿ ಎಡಕ್ಕೆ ಎಳೆದೆ, ಅದು ನನ್ನ ಬಲಕ್ಕೆ ವಾಲಿ ಕೂಳೆಗೆ ರೆಕ್ಕೆ ತಾಗಿಸಿತು. ಆ ಪೆಟ್ಟಿಗೆ ಬಗ್ಗಿದ ರೆಕ್ಕೆ ತನ್ನದೇ ಬಾಲದ ಕೊಳವೆಯನ್ನು ಕತ್ತರಿಸಿ ಹಾಕಿತು. ಸಿಮ್ಯುಲೇಟರಿನಲ್ಲಾದರೆ ಒಂದು ಗುಂಡಿ ಒತ್ತಿದರೆ ಹೊಸ ಹೆಲಿಕಾಪ್ಟರ್!

ನಿಮ್ಮ ಮಗನ ಪ್ರೋಗ್ರಾಂ ಕಷ್ಟವೂ ಇದೇ. ಸಿಮ್ಯುಲೇಟರ್ ಹೇಳಿದ್ದನ್ನೇ ಅದು ಲೋಕ ಅಂತ ನಂಬಿದೆ. ರಿಮೋಟಿನ ಕಡ್ಡಿ ಅಲ್ಲಾಡಿಸಿದ ಕ್ಷಣವೇ ರೆಕ್ಕೆಯ ಓರೆ ಬದಲಾಗುತ್ತದೆ ಎಂದು ಸಿಮ್ಯುಲೇಟರ್ ಅಂದುಕೊಂಡಿದ್ದರೆ, ಪ್ರೋಗ್ರಾಂ ಚುರುಕಾಗಿ ಕುಲುಕುವುದನ್ನು ಕಲಿಯುತ್ತದೆ. ನಿಜದಲ್ಲಿ ಚೂರು ತಡವಾಗುತ್ತದೆ. ತಿದ್ದುಪಡಿ ತಪ್ಪು ಹೊತ್ತಿಗೆ ಬಂದು ಕುಲುಕಾಟ ಜಾಸ್ತಿಯಾಗುತ್ತ ಹೋಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಎನ್‌ಜಿ ಅವರ ತಂಡ ಉಲ್ಟಾ ದಾರಿ ಹಿಡಿಯಿತು. ಮೊದಲು ಪಳಗಿದ ಪೈಲಟ್ ಕೈಲಿ ನಿಜವಾದದ್ದನ್ನೇ ಹಾರಿಸಿದರು. ಕಡ್ಡಿ ಹೇಗೆ ಅಲ್ಲಾಡಿತು, ಹೆಲಿಕಾಪ್ಟರ್ ಹೇಗೆ ಓಲಾಡಿತು ಎಲ್ಲ ದಾಖಲಿಸಿ, ಅದರಿಂದ ಸಿಮ್ಯುಲೇಟರ್ ಕಟ್ಟಿದರು. ಕಲಿಕೆ ಅದರೊಳಗೆ. 2004ರ ಹೊತ್ತಿಗೆ ಹೆಲಿಕಾಪ್ಟರ್ ತಲೆಕೆಳಗಾಗಿ ನಿಂತೇಬಿಟ್ಟಿತು. ಮಗುಚುವ ಕೆಲಸ ಮಾತ್ರ ಪೈಲಟ್‌ದು, ಆಮೇಲೆ ಸ್ವಿಚ್ ಒತ್ತಿ ಕಂಪ್ಯೂಟರಿಗೆ ಕೊಡುತ್ತಿದ್ದರು.

ನನಗೆ ತುಂಬಾ ಹಿಡಿಸಿದ್ದು 2008ರ ಕೆಲಸ. ಅದೇ ತಂಡದ ಪೀಟರ್ ಅಬೀಲ್, ಆ್ಯಡಮ್ ಕೋಟ್ಸ್ ಮತ್ತಿತರರು ಮಾಡಿದ್ದು. ಪೈಲಟ್ ಒಂದೇ ಕಸರತ್ತನ್ನು ಮತ್ತೆ ಮತ್ತೆ ಮಾಡುತ್ತಾರೆ. ಒಂದೂ ಸರಿಯಾಗಿ ಬರುವುದಿಲ್ಲ. ಆದರೆ ಒಂದೊಂದು ಸಲದ ತಪ್ಪು ಒಂದೊಂದು ತರಹ. ಎಲ್ಲ ಸೇರಿಸಿ, ಅವರ ಮನಸ್ಸಿನಲ್ಲಿದ್ದ ದಾರಿ ಯಾವುದೆಂದು ಪ್ರೋಗ್ರಾಂ ಊಹಿಸುತ್ತದೆ. ಇನ್ನೊಂದು ವಿಷಯ: ಹೆಲಿಕಾಪ್ಟರಿನ ಜಾಗ, ವೇಗ, ವಾಲಿಕೆ, ತಿರುಗುವ ವೇಗ ಸೇರಿ 12 ಸಂಖ್ಯೆ. ಅದು ಕದಡಿದ ಗಾಳಿ ಈ 12ರಲ್ಲಿ ಎಲ್ಲೂ ಇಲ್ಲ. ಆದರೆ ಅದೇ ಪಲ್ಟಿ ಹೊಡೆದರೆ ಗಾಳಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಅದೇ ತರಹ ಕಾಡುತ್ತದೆ. ಹಾಗಾಗಿ ಇಡೀ ಗಾಳಿಯ ಲೆಕ್ಕ ಬಿಟ್ಟು, ಪಲ್ಟಿಯ ಪ್ರತಿ ಘಳಿಗೆಗೆ ಎಷ್ಟು ತಿದ್ದಬೇಕು ಎಂಬುದನ್ನಷ್ಟೇ ಕಲಿತರು. ಪೈಲಟ್‌ಗಿಂತ ನೀಟಾಗಿ ಹಾರಿತು.

ಡ್ರೋನ್ ಸುಲಭ, ನಿಜ. ಆದರೆ ಮೋಟರ್ ನಿಂತರೆ ಕಲ್ಲಿನಂತೆ ಬೀಳುತ್ತದೆ. ಹೆಲಿಕಾಪ್ಟರ್ ಬೀಳುವಾಗ ಎದುರಾಗುವ ಗಾಳಿಯಲ್ಲೇ ರೆಕ್ಕೆ ತಿರುಗಿಸಿಕೊಂಡು ಇಳಿಯಬಲ್ಲದು. ಅದನ್ನೂ ಆ ತಂಡ ಕಂಪ್ಯೂಟರಿಗೆ ಕಲಿಸಿತು.

ಮಗನಿಗೆ ಹೇಳಿ: ಸಿಮ್ಯುಲೇಟರಿನಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದರಷ್ಟು ತಡ ಸೇರಿಸು, ಸ್ವಲ್ಪ ಗಾಳಿ ಬೀಸಲಿ. ಆಗಲೂ ನಿಂತರೆ ಅಂಗಡಿಗೆ ಹೋಗಿ. ಬಾಲದ ಕೊಳವೆ ಮಾತ್ರ ಎರಡು ಜಾಸ್ತಿ ತನ್ನಿ.