ಸಂಪಾದಕರ ಉತ್ತರ: ರಸೀದಿ ಕೊಟ್ಟರೆ ಅದು ತೆರಿಗೆಯಾಗುತ್ತಾ?

"ನಾಗಾಲ್ಯಾಂಡಿನ ಬಂಡುಕೋರರು ಅಂಗಡಿಯವರಿಂದ ಹಣ ಕೀಳುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. 1997ರಿಂದ ಅಲ್ಲಿ ಕದನವಿರಾಮ ಇದೆ. ಮೊದಲಿನಷ್ಟು ಹೆಣ ಬೀಳುತ್ತಿಲ್ಲ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಶಾಂತಿಯನ್ನು ನಾಲ್ಕು ಕಾಸಿನ ವಿಷಯಕ್ಕೆ ಕೆದಕಬೇಕಿತ್ತಾ? ಸೇನೆ ಮಾಡಿದ್ದು ನಿಮಗೆ ಕಾಣಲಿಲ್ಲವಾ?"
– ಓದುಗರು, ಸಾಗರ

ಪ್ರಿಯ ಓದುಗರೇ,

ನಿಮ್ಮ ಕೈಬರಹ ನಮ್ಮ ಕಚೇರಿಗೆ ಹಳೇ ಪರಿಚಯ. ಇನ್‌ಲ್ಯಾಂಡ್ ಪತ್ರದ ಅಂಚಿನವರೆಗೂ ತುಂಬಿಸಿ ಬರೆಯುವವರು ಈಗ ಕಡಿಮೆ. ಬೆಂಗಳೂರಿನವರೇ ಮರೆತ ನಾಗಾಲ್ಯಾಂಡಿನ ಬಗ್ಗೆ ಸಾಗರದಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದೀರಿ. ಅದಕ್ಕೇ ಈ ಉದ್ದದ ಉತ್ತರ.

ಸೇನೆಯ ಬಗ್ಗೆ ನೀವು ಹೇಳಿದ್ದು ನಿಜ. 2021ರ ಡಿಸೆಂಬರ್ 4ರಂದು ಮೋನ್ ಜಿಲ್ಲೆಯ ಓಟಿಂಗ್‌ನಲ್ಲಿ, ಗಣಿ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದವರ ಮೇಲೆ ಸೇನೆಯ ತುಕಡಿ ಗುಂಡು ಹಾರಿಸಿತು. ಆ ರಾತ್ರಿ, ಮರುದಿನ ಸೇರಿ 14 ಜನ ನಾಗರಿಕರು ಸತ್ತರು. ಅದು ಮರೆಯುವಂಥದ್ದಲ್ಲ.

ಆದರೆ "ನಾಲ್ಕು ಕಾಸು" ಅಂದಿರಲ್ಲ, ಅದನ್ನು ನಾನು ಸುಮ್ನೆ ಬಿಡಲಾರೆ.

ನಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ನಾಗಾಲ್ಯಾಂಡಿನ ದಿಮಾಪುರದ ಹೆಂಗಸೊಬ್ಬರ ಸಣ್ಣ ಮೆಸ್ ಇದೆ. ನಾಲ್ಕು ಮೇಜು, ಗೋಡೆ ಮೇಲೆ ಏಸುವಿನ ಕ್ಯಾಲೆಂಡರು, ಒಳಗಿನಿಂದ ಹುದುಗಿಸಿದ ಸೋಯಾ ಕಾಳಿನ ಘಾಟು. ಒಂದು ದಿನ ಆಕೆ ಬೈಬಲ್ಲಿನ ಒಳಗಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ತೆಳುವಾದ ಗುಲಾಬಿ ಕಾಗದ. ನಾಲ್ಕು ಮಡಿಕೆ ಮಾಡಿ ಮಾಡಿ ಗೆರೆ ಬಿದ್ದಲ್ಲಿ ಹರಿದಿತ್ತು. ಮೇಲೆ ಮುದ್ರೆ, ಕ್ರಮಸಂಖ್ಯೆ, ಸಹಿ. ಅಪ್ಪನ ಹಾರ್ಡ್‌ವೇರ್ ಅಂಗಡಿಯ ವರ್ಷದ "ತೆರಿಗೆ" ಕಟ್ಟಿದ್ದಕ್ಕೆ ಬಂಡುಕೋರರು ಕೊಟ್ಟ ರಸೀದಿ ಅದು. "ಇಂಥವು ಬಿಸ್ಕತ್ ಡಬ್ಬಿ ತುಂಬ ಇವೆ ಸರ್. ಒಂದು ಗುಂಪಿನ ರಸೀದಿ ಇನ್ನೊಂದು ಗುಂಪಿಗೆ ನಡೆಯಲ್ಲ" ಅಂದರು.

ವಸೂಲಿಗೆ ಬರುವವರು ಬಂದೂಕು ತೋರಿಸ್ತಾರಾ ಅಂತ ಕೇಳಿದೆ. ಇಲ್ಲವಂತೆ. ನಗುತ್ತಾ ಬರುತ್ತಾರೆ, ಅಪ್ಪನ ಜೊತೆ ಕೂತು ಟೀ ಕುಡಿಯುತ್ತಾರೆ. ಏಳುವಾಗ, ಸಣ್ಣ ಮಗಳು ಯಾವ ಕಾಲೇಜು ಅಂತ ವಿಚಾರಿಸುತ್ತಾರೆ. ಅಷ್ಟೇ.

ಹೆಣ ಬೀಳುತ್ತಿಲ್ಲ ಅಂದಿರಿ. ಈ ಮನೆಯಲ್ಲಿ ಒಂದು ಹೆಣವೂ ಬಿದ್ದಿಲ್ಲ. ಆದರೂ ಆಕೆ ಊರು ಬಿಟ್ಟು ಬಂದು ಇಲ್ಲಿ ಅನ್ನ ಬೇಯಿಸುತ್ತಿದ್ದಾರೆ.

ನಾಗಾ ಬಂಡುಕೋರರ ಸಂಘಟನೆ ಎನ್‌ಎಸ್‌ಸಿಎನ್ ಹುಟ್ಟಿದ್ದು 1980ರಲ್ಲಿ. ಐಸಾಕ್ ಚಿಶಿ ಸ್ವು, ಮುಯಿವಾ, ಖಪ್ಲಾಂಗ್ ಮೂವರು ನಾಯಕರೂ ಒಟ್ಟಿಗಿದ್ದರು. 1988ರಲ್ಲಿ ಒಡೆಯಿತು. ಆಮೇಲೆ ಒಡೆದದ್ದು ಮತ್ತೆ ಒಡೆಯಿತು. ಪ್ರತಿ ಸಲ ಹೋಳಾದಾಗಲೂ ಅಂಗಡಿಯವನಿಗೆ ಒಂದು ರಸೀದಿ ಜಾಸ್ತಿಯಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತೀವಲ್ಲ, ಹಾಗೆ. 1997ರ ಆಗಸ್ಟ್ 1ರಿಂದ ಐಸಾಕ್-ಮುಯಿವಾ ಬಣದ ಜೊತೆ ಕೇಂದ್ರ ಸರ್ಕಾರದ ಕದನವಿರಾಮ ಜಾರಿಗೆ ಬಂತು. ಅದರ ನಿಯಮಗಳಲ್ಲೇ ಇದೆ: ಬಲವಂತದ ವಸೂಲಿ ಕೂಡದು, ಜನರನ್ನು ಬೆದರಿಸಕೂಡದು. ಸೇನೆ ಗುಂಡು ಹಾರಿಸಿದರೆ ನಿಯಮ ಮುರಿಯಿತು ಅಂತ ದೆಹಲಿವರೆಗೂ ದೂರು ಹೋಗುತ್ತದೆ. ಅಂಗಡಿಯವನು ಯಾರಿಗೆ ದೂರು ಕೊಡಬೇಕು? ಪೊಲೀಸ್ ಠಾಣೆಗೆ ಹೋದದ್ದು ಸಂಜೆಯೊಳಗೆ ಯಾರಿಗೆ ಗೊತ್ತಾಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಇದನ್ನು ಹೇಳುತ್ತಿರುವವನು ಬೆಂಗಳೂರಿನ ಸಂಪಾದಕ ಮಾತ್ರ ಅಲ್ಲ. 2013ರಲ್ಲಿ ದಿಮಾಪುರದ ಜನರೇ ಈ ವಸೂಲಿ ವಿರುದ್ಧ ಒಂದು ಸಮಿತಿ ಕಟ್ಟಿದರು. ಅಕೌಟ್ ಅಂತ ಅದರ ಚುಟುಕು ಹೆಸರು. ಅದೇ ವರ್ಷ ಅಕ್ಟೋಬರ್ 31ಕ್ಕೆ ಸಾವಿರಾರು ಜನ ಊರ ನಡುವೆ ಸೇರಿದರು. ಒಂದೇ ಸರ್ಕಾರ, ಒಂದೇ ತೆರಿಗೆ ಅನ್ನುವುದು ಅವರ ಕೂಗು. ಸ್ವಲ್ಪ ಯೋಚಿಸಿ ನೋಡಿ. ಗುಂಪಿನಲ್ಲಿ ಯಾರು ಯಾರು ನಿಂತಿದ್ದಾರೆ ಅಂತ ಗುರುತು ಹಿಡಿಯುವ ಕಣ್ಣುಗಳು ಅದೇ ಊರಲ್ಲಿವೆ. ಮರುದಿನ ಅದೇ ಅಂಗಡಿಯ ಬಾಗಿಲು ತೆಗೆಯಬೇಕು. ಆದರೂ ಬಂದು ನಿಂತರು. ಆ ಧೈರ್ಯದ ಮುಂದೆ ನನಗೆ ಮಾತು ಹೊರಡುವುದಿಲ್ಲ.

ಅದೇ 2013ರ ಡಿಸೆಂಬರಿನಲ್ಲಿ ಝುನೆಬೋಟೊ ಜಿಲ್ಲೆಯಲ್ಲಿ ಐಸಾಕ್-ಮುಯಿವಾ ಬಣದ ಕೆಲವರು ದಾರಿಯಲ್ಲಿ ಗಾಡಿ ತಡೆದು ಇಬ್ಬರು ಹೆಂಗಸರ ಮೇಲೆ ಕೈಹಾಕಿದರು. ತಪ್ಪಿತಸ್ಥರನ್ನು ಒಪ್ಪಿಸಿ ಅಂತ ಅಲ್ಲಿನ ಸುಮಿ ಎಂಬ ನಾಗಾ ಪಂಗಡದ ಜನ ಕೇಳಿದರು. ಒಪ್ಪಿಸಲಿಲ್ಲ. ಆಗ ಊರೂರಿಂದ ಜನ ಬಂದು ಮುಕಲಿಮಿಯ ಶಿಬಿರವನ್ನೇ ಮುತ್ತಿದರು. ಗುಂಡು ಹಾರಿತು, ಜೀವ ಹೋಯಿತು, ಕೊನೆಗೆ ಶಿಬಿರ ಸುಟ್ಟುಹೋಯಿತು. ಬೆಂಕಿ ಹಚ್ಚಿದ್ದನ್ನು ನಾನು ಹೊಗಳುತ್ತಿಲ್ಲ. ಆದರೆ ಒಂದು ಗಮನಿಸಿ. ಆ ಬಣದ ಅಧ್ಯಕ್ಷ ಐಸಾಕ್ ಸ್ವು ಕೂಡ ಸುಮಿ ಪಂಗಡದವರೇ. ತಮ್ಮವನೇ ಕಟ್ಟಿದ ಪಡೆಯ ಮೇಲೆ ತಮ್ಮವರೇ ತಿರುಗಿಬಿದ್ದರು. ಇವರು ನಾಗಾ ಹೋರಾಟದ ಶತ್ರುಗಳಾ ಹೇಳಿ?

ನಾಗಾ ತಾಯಂದಿರ ಸಂಘದವರು ಇದಕ್ಕೂ ಮೊದಲೇ ಎದ್ದಿದ್ದರು. 1984ರಲ್ಲಿ ಕಟ್ಟಿದ ಸಂಘ ಅದು. 1994ರಲ್ಲಿ "ಇನ್ನು ರಕ್ತ ಹರಿದದ್ದು ಸಾಕು" ಅಂತ ಬೀದಿಗೆ ಬಂದರು. ಬಂಡುಕೋರನೇ ಕೊಲ್ಲಲಿ, ಸೈನಿಕನೇ ಕೊಲ್ಲಲಿ, ಸತ್ತವರ ಹೆಣಕ್ಕೆ ಶಾಲು ಹೊದಿಸುತ್ತೇವೆ ಎಂದು ತೀರ್ಮಾನಿಸಿದರು. ಮಾತುಕತೆಯ ಮೇಜಿನ ಹತ್ತಿರ ಇವರಿಗೊಂದು ಕುರ್ಚಿ ಹಾಕಿದರಾ? 2015ರ ಆಗಸ್ಟ್ 3ರಂದು ದೆಹಲಿಯಲ್ಲಿ ಕೇಂದ್ರ ಮತ್ತು ಐಸಾಕ್-ಮುಯಿವಾ ಬಣದ ನಡುವೆ ಚೌಕಟ್ಟು ಒಪ್ಪಂದಕ್ಕೆ ಸಹಿ ಬಿತ್ತು. ಒಳಗೇನಿದೆ ಅಂತ ಐದು ವರ್ಷ ಜನರಿಗೇ ಹೇಳಲಿಲ್ಲ. 2001ರ ಜೂನ್‌ನಲ್ಲಿ ಮಣಿಪುರದವರನ್ನು ಒಂದು ಮಾತು ಕೇಳದೆ ಕದನವಿರಾಮವನ್ನು "ಪ್ರಾದೇಶಿಕ ಮಿತಿಯಿಲ್ಲದೆ", ಅಂದರೆ ನಾಗಾಲ್ಯಾಂಡಿನ ಆಚೆಗೂ, ವಿಸ್ತರಿಸಿದರು. ಇಂಫಾಲ ಹೊತ್ತಿ ಉರಿಯಿತು, ಗೋಲಿಬಾರಿನಲ್ಲಿ 18 ಜನ ಸತ್ತರು, ಆಮೇಲೆ ಆ ಪದಗಳನ್ನು ವಾಪಸ್ ತೆಗೆದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಅಂತೀರಾ? ಅದೇ ನನ್ನ ಸಂಕಟ. ಬಂದೂಕು ಹಿಡಿದವನಿಗೆ ಕುರ್ಚಿ, ಹಿಡಿಯದವನಿಗೆ ಉಪದೇಶ. ಸಹಿಸಿಕೋ ಅಂತ ಹೇಳುವುದು ಯಾವಾಗಲೂ ಅಂಗಡಿಯವನಿಗೇ. ನಿಮ್ಮ ಪತ್ರವೂ ಅದನ್ನೇ ಹೇಳಿತು ಎಂದರೆ ಬೇಸರ ಮಾಡಿಕೊಳ್ಳಬೇಡಿ.

ನಾಗಾಲ್ಯಾಂಡಿನ ರಾಜ್ಯಪಾಲರಾಗಿದ್ದ ಆರ್.ಎನ್. ರವಿ 2020ರಲ್ಲಿ ಮುಖ್ಯಮಂತ್ರಿಗೆ ಪತ್ರ ಬರೆದು, ಶಸ್ತ್ರಧಾರಿ ಗುಂಪುಗಳು ತಮ್ಮದೇ ಸರ್ಕಾರ ನಡೆಸುತ್ತಿವೆ ಎಂದರು. ಮಾತುಕತೆಯಲ್ಲಿ ಆಗ ಕೇಂದ್ರದ ಪ್ರತಿನಿಧಿಯೂ ಅವರೇ. ಅಂಗಡಿಯವರು ಇದನ್ನೇ ಏಳು ವರ್ಷ ಮುಂಚೆ ಬೀದಿಯಲ್ಲಿ ನಿಂತು ಹೇಳಿದ್ದರು.

ನಾವು ಪತ್ರಿಕೆಯವರೂ ಕಡಿಮೆಯಿಲ್ಲ. ಹತ್ತು ಹೆಣ ಬಿದ್ದರೆ ಮುಖಪುಟ, ಹತ್ತು ಸಾವಿರ ಜನ ಹೆದರಿ ಬದುಕಿದರೆ ಒಳಪುಟದಲ್ಲೂ ಜಾಗವಿಲ್ಲ. 2012ರ ಆಗಸ್ಟ್‌ನಲ್ಲಿ ನಾನು ಬೆಂಗಳೂರು ರೈಲು ನಿಲ್ದಾಣದಲ್ಲಿದ್ದೆ. ದಾಳಿಯಾಗುತ್ತದೆ ಅಂತ ಎಸ್ಸೆಮ್ಮೆಸ್ಸು, ಗಾಳಿಸುದ್ದಿ, ಅಷ್ಟಕ್ಕೇ ಸಾವಿರಾರು ಈಶಾನ್ಯದ ಮಕ್ಕಳು ಗುವಾಹಟಿ ರೈಲಿಗೆ ಮುಗಿಬಿದ್ದಿದ್ದರು. ಒಬ್ಬ ಹುಡುಗಿಯ ಕೈಯಲ್ಲಿ ಪ್ರೆಶರ್ ಕುಕ್ಕರ್ ಇತ್ತು. ಬ್ಯಾಗಿನಲ್ಲಿ ಹಿಡಿದಿಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲ. ಏನಾಯಿತಮ್ಮ ಅಂತ ಕೇಳಿದರೆ, ನನಗೇನೂ ಆಗಿಲ್ಲ ಸರ್ ಅಂದಳು.

ನಿಮ್ಮ ಪತ್ರದ ಇನ್ನೊಂದು ಭಾಗ, ಓಟಿಂಗ್ ಬಗ್ಗೆ ಬರೆದದ್ದು, ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಹಾಕುತ್ತೇವೆ. ಬೆಂಗಳೂರಿಗೆ ಬಂದರೆ ಕಚೇರಿಗೆ ಫೋನ್ ಮಾಡಿ, ಆ ಮೆಸ್ಸಿಗೆ ಹೋಗೋಣ. ಮೂರು ಗಂಟೆ ಮೇಲೆ ಹೋದರೆ ಒಳ್ಳೆಯದು. ಆಗ ಆಕೆಗೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ.

– ಸಂಪಾದಕ