ಗುಜರಿ ಕಬ್ಬಿಣ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ: ನನ್ನದು ಸಣ್ಣ ವೆಲ್ಡಿಂಗ್ ಶೆಡ್. ಗೇಟು, ಟ್ರೈಲರ್ ರಿಪೇರಿ, ಕುಂಟೆ, ನೇಗಿಲ ಕೆಲಸ ಮಾಡುತ್ತೇನೆ. ನಮ್ಮ ಮಾವನವರ ಲಾರಿ ಗ್ಯಾರೇಜ್ ಮುಚ್ಚಿದ ಮೇಲೆ ಅಲ್ಲಿನ ಹಳೇ ಸಾಮಾನೆಲ್ಲ ನನ್ನ ಹತ್ತಿರ ಬಂದಿದೆ. ಹಿಂದಿನ ಚಕ್ರದ ಆಕ್ಸಲ್ ಶಾಫ್ಟ್ ಎರಡು, ಒಂದು ಕಟ್ಟು ಕಮಾನು ಪಟ್ಟಿ, ಫ್ಲೈವೀಲ್, ಬ್ರೇಕ್ ಡ್ರಮ್ಮುಗಳು, ಗೇರುಗಳು, ಹಳೇ ಬೇರಿಂಗುಗಳು, ಎರಡಡಿ ರೈಲು ಕಂಬಿ ತುಂಡು, ಏರ್ ಬ್ರೇಕಿನ ಡಬ್ಬಿಗಳು. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಟ್ಟುಬಿಡಲಾ? (ಚಳ್ಳಕೆರೆಯ ಓದುಗರು)

ಉತ್ತರ: ಮೊದಲು ಏರ್ ಬ್ರೇಕ್ ಡಬ್ಬಿಗಳನ್ನು ಬೇರೆ ಇಡಿ. ಅವುಗಳ ಬೋಲ್ಟು ಬಿಚ್ಚಬೇಡಿ, ಗ್ಯಾಸ್ ಕಟರ್ ಹಚ್ಚಬೇಡಿ. ಲಾರಿಯ ಹಿಂದಿನ ಚಕ್ರದ ಜೋಡಿ ಡಬ್ಬಿಯಲ್ಲಿ ಪಾರ್ಕಿಂಗ್ ಬ್ರೇಕಿನ ದಪ್ಪ ಸ್ಪ್ರಿಂಗ್ ಅದುಮಿಟ್ಟು ಕೂತಿರುತ್ತದೆ. ಗಾಳಿ ಪೂರ್ತಿ ಹೋಗಿದ್ದರೂ ಅದರ ಬಲ ಹೋಗಿರುವುದಿಲ್ಲ. ಕ್ಲಾಂಪ್ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಹೀಗೆ ಪ್ರಾಣ ಹೋದ ಮೆಕ್ಯಾನಿಕ್‌ಗಳಿದ್ದಾರೆ. ಏರ್ ಬ್ರೇಕ್ ಕೆಲಸ ಗೊತ್ತಿರುವವರಿಂದ ಕೇಜಿಂಗ್ ಬೋಲ್ಟ್ (ಸ್ಪ್ರಿಂಗನ್ನು ಬಿಗಿದು ಹಿಡಿಯುವ ಬೋಲ್ಟು) ಹಾಕಿಸಿ, ಸ್ಪ್ರಿಂಗಿನ ಬಲವನ್ನು ಸುರಕ್ಷಿತವಾಗಿ ತೆಗೆಸಿಯೇ ವಿಲೇವಾರಿ ಮಾಡಿ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಬಾಯಿ ಮುಚ್ಚಿದ ಹೈಡ್ರಾಲಿಕ್ ಸಿಲಿಂಡರ್, ಅಗೆಯುವ ಯಂತ್ರದ ಚೈನ್ ಬಿಗಿ ಮಾಡುವ ಸ್ಪ್ರಿಂಗ್ ಸೆಟ್ಟು ಇವಕ್ಕೂ ಇದೇ ಮಾತು.

ಇನ್ನುಳಿದದ್ದನ್ನು ದಯವಿಟ್ಟು ಕೊಡಬೇಡಿ. ಗುಜರಿಯಲ್ಲಿ ನಿಮಗೆ ಸಿಗುವುದು ಬರೀ ತೂಕದ ದುಡ್ಡು. ಆ ಶಾಫ್ಟನ್ನು ಬಡಿದು ರೂಪ ಕೊಟ್ಟವರು, ಲೇತಿನಲ್ಲಿ ತಿರುಗಿಸಿದವರು, ಕಾಯಿಸಿ ಗಟ್ಟಿ ಮಾಡಿದವರು ಇದ್ದಾರಲ್ಲ, ಆ ಕೆಲಸಕ್ಕೆ ಅಲ್ಲಿ ಒಂದು ರೂಪಾಯಿಯೂ ಇಲ್ಲ. ಹಾಗಾಗಿ ಪ್ರತಿ ತುಂಡನ್ನೂ ಕೈಗೆತ್ತಿಕೊಂಡಾಗ ಇದು ಮೊದಲು ಏನು ಕೆಲಸ ಮಾಡುತ್ತಿತ್ತು ಅಂತ ಯೋಚಿಸಿ. ಆ ಗುಣ ಹಾಗೇ ಉಳಿಯುವಂಥ, ಕಡಿಮೆ ಕತ್ತರಿಸಿ ಕಡಿಮೆ ಕಾಯಿಸುವಂಥ ಬಳಕೆಯೇ ಒಳ್ಳೆಯದು.

ಫ್ಲೈವೀಲ್ ಮತ್ತು ಡ್ರಮ್ಮಿನ ಆಸ್ತಿ ಅಂದರೆ ಅವುಗಳ ಭಾರ. ಬೆಂಚ್ ಗ್ರೈಂಡರ್ ಸ್ಟ್ಯಾಂಡ್ ನಡುಗುವುದು ಅಡಿ ಹಗುರವಾಗಿರುವುದರಿಂದ ಅಲ್ವಾ? ಫ್ಲೈವೀಲನ್ನು ಅಡಿಗೆ ಹಾಕಿದರೆ ಆ ತೊಂದರೆ ತೀರಿತು. ಆದರೆ ಇವೆರಡೂ ಸಾಮಾನ್ಯವಾಗಿ ಬೀಡು ಕಬ್ಬಿಣ. ಅದರ ಮೇಲೆ ನೇರವಾಗಿ ಪೈಪ್ ಇಟ್ಟು ಮಾಮೂಲಿ ರಾಡಿನಲ್ಲಿ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ವೆಲ್ಡಿಂಗೇ ಬೇಕಿಲ್ಲ. ಕ್ರ್ಯಾಂಕ್‌ಶಾಫ್ಟಿಗೆ ಕೂರಿಸಲು ನಡುವೆ ಬೋಲ್ಟ್ ತೂತುಗಳಿವೆಯಲ್ಲ, ಅದೇ ಅಳತೆಗೆ 10 ಮಿ.ಮೀ. ಎಂ.ಎಸ್. (ಮಾಮೂಲಿ ಮೆದು ಉಕ್ಕಿನ) ಪ್ಲೇಟಿನಲ್ಲಿ ತೂತು ಹೊಡೆದು, ಪೈಪನ್ನು ಆ ಪ್ಲೇಟಿಗೆ ವೆಲ್ಡ್ ಮಾಡಿ, ಪ್ಲೇಟನ್ನು ಫ್ಲೈವೀಲಿಗೆ ಬೋಲ್ಟ್ ಹಾಕಿ. ವೈಸ್ ಸ್ಟ್ಯಾಂಡಿಗೂ ಇದೇ ದಾರಿ.

ಬ್ರೇಕ್ ಡ್ರಮ್ಮಿನಿಂದ ಚೆಂದದ ಕುಲುಮೆ ಆಗುತ್ತದೆ. ನಡುವಿನ ತೂತಿಗೆ ತೂತಿನ ಪ್ಲೇಟು, ಕೆಳಗೆ ಎರಡು ಇಂಚಿನ ಪೈಪು, ಪಕ್ಕದಿಂದ ಬ್ಲೋವರ್ ಗಾಳಿ, ಪೈಪಿನ ತುದಿಯಲ್ಲಿ ಬೂದಿ ಬೀಳಲು ಮುಚ್ಚಳ. ಇಷ್ಟೇ ಸಾಕು. ಆದರೆ ಹಳೇ ಡ್ರಮ್ಮಿನೊಳಗಿನ ಧೂಳಿಗೆ ಏರ್ ಹೊಡೆಯಬೇಡಿ. ಬ್ರೇಕ್ ಲೈನಿಂಗಿನ ಆಸ್ಬೆಸ್ಟಾಸ್ ಅದರಲ್ಲಿರಬಹುದು. ನೀರು ಹಾಕಿ ತೊಳೆದೇ ಬಳಸಿ.

ಈಗ ರೈಲು ಕಂಬಿ. ನಿಮ್ಮ ರಾಶಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಕಾನೂನಿನ ತಲೆನೋವು ಇರುವುದೂ ಇದಕ್ಕೇ. 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆಯ ಪ್ರಕಾರ ಕದ್ದದ್ದೆಂದು ಅನುಮಾನ ಬರುವ ರೈಲ್ವೆ ಸಾಮಾನು ನಿಮ್ಮ ಬಳಿ ಸಿಕ್ಕರೆ, ಅದು ಸರಿಯಾದ ದಾರಿಯಲ್ಲಿ ಬಂತು ಅಂತ ತೋರಿಸಬೇಕಾದವರು ನೀವು. ಮೊದಲ ಸಲದ ತಪ್ಪಿಗೇ 5 ವರ್ಷದವರೆಗೆ ಶಿಕ್ಷೆ ಇದೆ. ರೈಲ್ವೆಯವರು ಹಳೇ ಕಂಬಿಯನ್ನು ಹರಾಜಿನಲ್ಲಿ ಮಾರುತ್ತಾರೆ, ಆ ಮಾಲಿಗೆ ಕಾಗದ ಇರುತ್ತದೆ. ಮಾವನವರ ಹತ್ತಿರ ಬಿಲ್ಲು ಇದೆಯಾ ಕೇಳಿ. ಇಲ್ಲದಿದ್ದರೆ ಆ ತುಂಡನ್ನು ಕತ್ತರಿಸುವುದೂ ಬೇಡ, ಮಾರುವುದೂ ಬೇಡ. ಮುಂದೇನು ಅಂತ ವಕೀಲರೊಬ್ಬರನ್ನು ಕೇಳಿ. ಬಳಸುವ ಆಸೆ ಇದ್ದರೆ ಹರಾಜಿನ ಮಾಲು ಇಟ್ಟುಕೊಂಡ ಅಂಗಡಿಯಿಂದ ಬಿಲ್ ಸಮೇತ ಬೇರೆ ತುಂಡು ತನ್ನಿ.

ಬಿಲ್ಲಿನ ಕಂಬಿ ಕೈಯಲ್ಲಿದೆ ಅಂತಿಟ್ಟುಕೊಳ್ಳೋಣ. ನಮ್ಮಲ್ಲಿ ಹೆಚ್ಚಾಗಿ ಓಡುವುದು ಮೀಟರಿಗೆ 52 ಕೆಜಿ ಮತ್ತು 60 ಕೆಜಿ ತೂಗುವ ಕಂಬಿಗಳು. ಪಕ್ಕದ ತೆಳು ಭಾಗದ ಮೇಲೆ ಉಬ್ಬಕ್ಷರದಲ್ಲಿ ತೂಕ, ದರ್ಜೆ, ತಯಾರಿಸಿದ ವರ್ಷ ಇರುತ್ತದೆ, ಬ್ರಶ್ ಹಾಕಿ ಉಜ್ಜಿ ನೋಡಿ. 60 ಕೆಜಿಯದಾದರೆ ಎರಡಡಿ ತುಂಡು ಸುಮಾರು 37 ಕೆಜಿ ಆಯಿತು. ಎಲ್ಲರೂ ಇದನ್ನು ಹಳಿಯ ಮೇಲಿದ್ದ ಹಾಗೇ ಮಲಗಿಸಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಸುತ್ತಿಗೆ ಏಟಿನ ಕೆಳಗೆ ಇರುವುದು ತಲೆ ಮತ್ತು ಅದರಡಿಯ ತೆಳು ಗೋಡೆ ಮಾತ್ರ. ಕಂಬಿ ಗಂಟೆ ಹೊಡೆದಂತೆ ಕಿರುಚುತ್ತದೆ, ಏಟು ಅರ್ಧ ವ್ಯರ್ಥ. ಅದನ್ನೇ ನೆಟ್ಟಗೆ ನಿಲ್ಲಿಸಿ ನೋಡಿ. ಅಷ್ಟೂ ಭಾರ ಸುತ್ತಿಗೆಯ ನೇರ ಕೆಳಗೆ ಬರುತ್ತದೆ. ಬಡಿಯುವ ಜಾಗ ಚಿಕ್ಕದು ನಿಜ, ತಲೆಯ ಅಗಲ 72 ಮಿ.ಮೀ. ಅಷ್ಟೆ. ಆದರೆ ಸುತ್ತಿಗೆಯ ಮುಖ ಅದಕ್ಕಿಂತ ಚಿಕ್ಕದಲ್ವಾ? ತುದಿಯನ್ನು ಗ್ರೈಂಡ್ ಮಾಡಿ ಮಟ್ಟ ಮಾಡಿ. ಒಂದು ಅಂಚನ್ನು ಚೂಪಾಗೇ ಬಿಡಿ, ಇನ್ನೊಂದನ್ನು ದುಂಡಗೆ ಮಾಡಿ, ಪಟ್ಟಿ ಬಗ್ಗಿಸಲು ಎರಡೂ ಬೇಕು. ಕೆಳಗಿನ ಭಾಗವನ್ನು ಹಳೇ ಡ್ರಮ್ಮಿನಲ್ಲಿಟ್ಟು ಸುತ್ತ ಮರಳು ಗಿಡಿದು ಗಟ್ಟಿ ಮಾಡಿ.

ಗ್ಯಾಸಿನಲ್ಲಿ ಕತ್ತರಿಸಿದ ತುದಿಯಾದರೆ ಒಂದು ಎಚ್ಚರಿಕೆ. ಈ ಉಕ್ಕಿನಲ್ಲಿ ಕಾರ್ಬನ್ ಸುಮಾರು ಶೇ 0.6ರಿಂದ 0.8. ಉರಿ ತಾಗಿದ ಅಂಚು ಗಾಜಿನಷ್ಟು ಪೆಡಸಾಗಿರುತ್ತದೆ, ಅದನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆಯಿರಿ. ಇದೇ ಕಾರಣಕ್ಕೆ ಕಂಬಿಗೆ ವೆಲ್ಡ್ ಮಾಡಲೇಬೇಕಾದರೆ ಮೊದಲು 300 ಡಿಗ್ರಿಗೂ ಮೇಲೆ ಕಾಯಿಸಿ, ಓವನ್‌ನಲ್ಲಿ ಒಣಗಿಸಿದ 7018 ನಂಬರಿನ (ಕಡಿಮೆ ಹೈಡ್ರೋಜನ್) ವೆಲ್ಡಿಂಗ್ ರಾಡ್ ಬಳಸಿ, ಆಮೇಲೆ ಒಣ ಸುಣ್ಣದ ಪುಡಿ ಅಥವಾ ಬೂದಿಯಲ್ಲಿ ಹೂತಿಟ್ಟು ನಿಧಾನಕ್ಕೆ ಆರಲು ಬಿಡಿ.

ಕಮಾನು ಪಟ್ಟಿಗೆ ವೆಲ್ಡಿಂಗ್ ಮಾಡಲೇಬೇಡಿ. ಅದು ಸಿಲಿಕಾನ್-ಮ್ಯಾಂಗನೀಸ್ ಅಥವಾ ಕ್ರೋಮ್ ಬೆರೆತ ಸ್ಪ್ರಿಂಗ್ ಉಕ್ಕು, ಕತ್ತಿ, ಮಚ್ಚು, ಉಳಿ, ಹಾರೆ ತುದಿಗೆ ಹೇಳಿ ಮಾಡಿಸಿದ್ದು. ಆದರೆ ಲಕ್ಷಾಂತರ ಸಲ ಬಾಗಿ ಎದ್ದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು, ಅದರಲ್ಲೂ ನಡು ಬೋಲ್ಟಿನ ತೂತಿನ ಸುತ್ತ. ಪರೀಕ್ಷೆ ಸುಲಭ. ತುಕ್ಕು ತೆಗೆದು ಸೀಮೆಎಣ್ಣೆಯಲ್ಲಿ ನೆನೆಸಿಡಿ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಚಾಕ್‌ಪೀಸ್ ಪುಡಿ ಸವರಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಮೇಲೆ ಬಂದು ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಮೂಡಿಸುತ್ತದೆ. ಆ ತುಂಡನ್ನು ಬಿಟ್ಟುಬಿಡಿ.

ಆಯುಧ ಮಾಡುವಾಗ ಕೆಂಪಗೆ ಕಾಯಿಸಿ, ಅಯಸ್ಕಾಂತ ಹಿಡಿಯುವುದು ನಿಂತ ಮೇಲೆ ಇನ್ನೂ ಒಂಚೂರು ಕಾಯಿಸಿ ಎಣ್ಣೆಗೆ ಅದ್ದಿ. ನೀರಿಗೆ ಅದ್ದಿದರೆ ಸೀಳಬಹುದು. ಆಮೇಲೆ ಹೊಳಪು ಬರುವಂತೆ ಉಜ್ಜಿ, ಮೆಲ್ಲಗೆ ಮತ್ತೆ ಬಿಸಿ ಮಾಡಿ. ಕತ್ತಿಗೆ ಒಣಹುಲ್ಲಿನ ಬಣ್ಣದಿಂದ ಕಂದು ಬಣ್ಣ ಬರುವಷ್ಟು ಸಾಕು, ಏಟು ತಿನ್ನುವ ಉಳಿ ಮತ್ತು ಹಾರೆಗೆ ನೇರಳೆ, ನೀಲಿವರೆಗೆ ಹೋಗಿ. ಬಿಸಿಯೇ ಮಾಡದೆ ಬಳಸುವ ದಾರಿಯೂ ಇದೆ. ಗಿಡ್ಡ ಪಟ್ಟಿಯ ಬಾಗನ್ನು ಹಾಗೇ ಇಟ್ಟುಕೊಂಡು ನಡು ತೂತಿಗೆ ಬೋಲ್ಟ್ ಹಾಕಿದರೆ ವೆಲ್ಡಿಂಗ್ ಟೇಬಲ್ ಮೇಲೆ ಕೆಲಸ ಅದುಮಿ ಹಿಡಿಯುವ ಒಳ್ಳೇ ಕ್ಲಾಂಪ್ ಆಗುತ್ತದೆ.

ಆಕ್ಸಲ್ ಶಾಫ್ಟಿನ ಒಂದು ತುದಿಯಲ್ಲಿ ತೂತುಗಳಿರುವ ಅಗಲ ಚಪ್ಪಟೆ ತಲೆ ಇದೆ. ಅದನ್ನು ಕೆಳಗಿಟ್ಟು ನೆಲಕ್ಕೆ ಬೋಲ್ಟ್ ಹಾಕಿ. ಪಟ್ಟಿ, ಸರಳು ಬಳೆಯಂತೆ ಸುತ್ತಲು ಅಲುಗಾಡದ ಗೂಟ ಸಿದ್ಧ. ದುಂಡು ಉಕ್ಕಿನ ತೂಕ ತಿಳಿಯಲು ಮಿ.ಮೀ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ, ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 50 ಮಿ.ಮೀ. ಆದರೆ 15.4 ಕೆಜಿ. ಗುಜರಿಯವರ ತಕ್ಕಡಿಯನ್ನು ಪರೀಕ್ಷಿಸಲೂ ಈ ಲೆಕ್ಕ ಬೇಕಾಗುತ್ತದೆ.

ಗೇರುಗಳ ಹಲ್ಲು ಎಣಿಸಿ ಬರೆದಿಡಿ. ಲೇತ್ ಇರುವ ಗೆಳೆಯರಿದ್ದರೆ 60 ಹಲ್ಲಿನ ಗೇರ್ ಅವರಿಗೆ ಚಿನ್ನ. ಸ್ಪಿಂಡಲ್ ಹಿಂದೆ ಕೂರಿಸಿ ಹಲ್ಲಿಗೆ ಪಿನ್ ಕೊಟ್ಟರೆ ಒಂದು ವೃತ್ತವನ್ನು 3, 4, 5, 6, 10, 12 ಸಮಭಾಗ ಮಾಡಬಹುದು. ಫ್ಲ್ಯಾಂಜಿಗೆ ಬೋಲ್ಟ್ ತೂತು ಗುರುತು ಹಾಕಲು ಇನ್ನೇನು ಬೇಕು?

ಬೇರಿಂಗಿನ ಹೊರ ಬಳೆಗಳನ್ನು ಅಳತೆವಾರು ತಂತಿಗೆ ಪೋಣಿಸಿಡಿ. ಹೊರಮೈಯನ್ನು ತುಸು ಗ್ರೈಂಡ್ ಮಾಡಿದರೆ, ಅದೇ ನಂಬರಿನ ಹೊಸ ಬೇರಿಂಗನ್ನು ಹೌಸಿಂಗಿಗೆ ಪ್ರೆಸ್ಸಿನಲ್ಲಿ ಕೂರಿಸಲು ಅದೇ ಸಾಧನ. ಅದಕ್ಕೆ ಸುತ್ತಿಗೆ ಏಟು ಮಾತ್ರ ಕೊಡಬೇಡಿ. ಚೂರು ಸಿಡಿದು ಕಣ್ಣಿಗೆ ಹೋಗುತ್ತದೆ.

ಪ್ರಶ್ನೆ: ಕಲ್ಲು ಕ್ರಷರಿನ ಸವೆದ ದವಡೆ ಪ್ಲೇಟು ಸಿಕ್ಕಿದೆ. ತುಂಬಾ ಭಾರ. ಅಯಸ್ಕಾಂತ ಹಿಡಿಯುತ್ತಿಲ್ಲ, ಡ್ರಿಲ್ ಬಿಟ್ಟುಗಳು ಸುಟ್ಟುಹೋಗುತ್ತಿವೆ. ಇದು ಸ್ಟೇನ್‌ಲೆಸ್ಸಾ? (ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಅಲ್ಲ, ಮ್ಯಾಂಗನೀಸ್ ಉಕ್ಕು. ಶೇ 12ರ ಆಸುಪಾಸು ಮ್ಯಾಂಗನೀಸ್ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದದ್ದು. ಏಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುವುದೇ ಇದರ ಗುಣ. ನಿಮ್ಮ ಡ್ರಿಲ್ ಬಿಟ್ಟು ಕೊರೆಯದೆ ಸುಮ್ನೆ ಉಜ್ಜಿದಾಗಲೂ ಅದೇ ಆಗುತ್ತಿದೆ. ಕಾರ್ಬೈಡ್ ಬಿಟ್ಟು, ಕಡಿಮೆ ವೇಗ, ಬಿಡದೆ ಒತ್ತಡ ಇದ್ದರೆ ಮಾತ್ರ ತೂತು ಬೀಳುತ್ತದೆ. ಇರುವ ತೂತುಗಳಲ್ಲೇ ಕೆಲಸ ಮುಗಿಸುವುದು ಜಾಣತನ.

ವೆಲ್ಡಿಂಗ್ ಮಾತ್ರ ರೈಲು ಕಂಬಿಗೆ ಪೂರ್ತಿ ಉಲ್ಟಾ. ಇದನ್ನು ಮೊದಲೇ ಕಾಯಿಸಬಾರದು. ಜಾಸ್ತಿ ಹೊತ್ತು ಬಿಸಿಯಲ್ಲಿದ್ದರೆ ಪೆಡಸಾಗಿಬಿಡುತ್ತದೆ. ಮ್ಯಾಂಗನೀಸ್ ಉಕ್ಕಿನ ರಾಡಿನಲ್ಲಿ ಗಿಡ್ಡ ಗಿಡ್ಡ ಟಾಂಕೆ ಹಾಕಿ, ನಡುನಡುವೆ ಆರಲು ಬಿಡಿ. ಕಲ್ಲು, ಜಲ್ಲಿ ಬಂದು ಬೀಳುವ ಜಾಗಕ್ಕೆ, ಹಾಪರಿನ ತಳಕ್ಕೆ ಇದನ್ನು ಬೋಲ್ಟ್ ಹಾಕಿ ಕೂರಿಸಿ. ಅಲ್ಲಿ ಇದರಷ್ಟು ಬಾಳುವ ವಸ್ತು ಕಡಿಮೆ. ಗ್ರೈಂಡ್ ಮಾಡುವಾಗ, ವೆಲ್ಡ್ ಮಾಡುವಾಗ ಒಳ್ಳೇ ಮಾಸ್ಕ್ ಹಾಕಿಕೊಳ್ಳಿ. ಮ್ಯಾಂಗನೀಸ್ ಹೊಗೆ ನರಗಳಿಗೆ ಕೆಡುಕು.

ಪ್ರಶ್ನೆ: ಅಗೆಯುವ ಯಂತ್ರದ ಹೈಡ್ರಾಲಿಕ್ ರಾಡುಗಳಿವೆ, ಕನ್ನಡಿಯಂತೆ ಹೊಳೆಯುತ್ತವೆ. ನಾನೇ ಮಾಡುತ್ತಿರುವ ಪ್ರೆಸ್ಸಿಗೆ ಬಳಸಬಹುದಾ? ಜೊತೆಗೆ ಎಂಜಿನ್ ಎತ್ತಲು ರೈಲು ಕಂಬಿಯಲ್ಲೇ ಒಂದು ತೊಲೆ ಮಾಡಿಕೊಳ್ಳುವ ಯೋಚನೆ ಇದೆ. (ಶಿವಮೊಗ್ಗದ ಓದುಗರು)

ಉತ್ತರ: ರಾಡುಗಳನ್ನು ಖಂಡಿತ ಬಳಸಿ. ಹಿತ್ತಾಳೆ ಅಥವಾ ಕಂಚಿನ ಬುಷ್ ಹಾಕಿದರೆ ಪ್ರೆಸ್ಸಿನ ಗೈಡ್ ಕಂಬಕ್ಕೆ ಅದಕ್ಕಿಂತ ನಯವಾದದ್ದು ಸಿಗಲ್ಲ. ಮೇಲಿನ ಹೊಳಪು ಹಾರ್ಡ್ ಕ್ರೋಮ್ ಲೇಪನ. ಅದರ ಮೇಲೆ ವೆಲ್ಡ್ ಮಾಡಿದರೆ ಬರುವ ಹೊಗೆ ಕ್ಯಾನ್ಸರ್ ತರುವಂಥದ್ದು. ಸಾಧ್ಯವಾದಷ್ಟೂ ತುದಿಗೆ ಚೂಡಿ ಹಾಕಿಸಿ ನಟ್ಟಿನಲ್ಲೇ ಬಿಗಿ ಮಾಡಿ.

ತೊಲೆಯ ಯೋಚನೆ ಬಿಡಿ. ರೈಲು ಕಂಬಿ ಜಲ್ಲಿ ಮೇಲೆ, ಸ್ಲೀಪರ್ ಮೇಲೆ ಕೂತು ಭಾರ ಹೊರಲು ಮಾಡಿದ್ದು. ಸಣ್ಣ ಗೀರು, ಗ್ಯಾಸ್ ಕಟ್ಟಿಂಗ್ ಗುರುತು, ವೆಲ್ಡಿಂಗ್ ಇದ್ದ ಕಡೆ ಅದು ಬಾಗಿ ಸೂಚನೆ ಕೊಡದೆ ಒಂದೇ ಸಲಕ್ಕೆ ಮುರಿಯಬಹುದು. ಹಳೇ ಶಾಫ್ಟಿನಿಂದ ಕೊಕ್ಕೆ, ಜ್ಯಾಕ್ ಸ್ಟ್ಯಾಂಡಿನ ಪಿನ್ ಮಾಡುವುದೂ ಬೇಡ. ಮನುಷ್ಯರ ತಲೆಯ ಮೇಲೆ ತೂಗುವ, ಮೈ ಮೇಲೆ ಬೀಳಬಹುದಾದ ಯಾವುದಕ್ಕೂ ಪೂರ್ವಾಪರ ಗೊತ್ತಿಲ್ಲದ ಉಕ್ಕು ಸಲ್ಲ. ಟೆಸ್ಟ್ ಸರ್ಟಿಫಿಕೇಟ್ ಇರುವ ಹೊಸ ಐ-ಬೀಮ್ ತನ್ನಿ. ಎಂಜಿನ್ ತೂಕ, ಕಂಬಗಳ ನಡುವಿನ ಅಂತರ ಎರಡನ್ನೂ ಬರೆದುಕೊಂಡು ಹೋಗಿ, ಎಷ್ಟು ದೊಡ್ಡದು ಬೇಕು ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸಿ. ಚೈನ್ ಬ್ಲಾಕಿನ ತೂಕವನ್ನೂ ಅದರಲ್ಲಿ ಸೇರಿಸಲು ಮರೆಯಬೇಡಿ.