ವೀಸಾದ ತಾರೀಖು ಬೇರೆ, ಇರುವ ತಾರೀಖು ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕೆನಡಾದ್ದೇ. ವಿಸಿಟರ್ ವೀಸಾದ ಮೇಲೆ ಹೋಗಿ, ಅಲ್ಲೇ ಇದ್ದುಕೊಂಡು ಗಂಡನ ಅಥವಾ ಹೆಂಡತಿಯ ಮೂಲಕ ಪಿಆರ್‌ಗೆ (ಕಾಯಂ ವಾಸದ ಹಕ್ಕಿಗೆ) ಅರ್ಜಿ ಹಾಕುವ ವಿಚಾರ. ಕೆಳಗಿರುವ ಶುಲ್ಕಗಳು ಕೆನಡಾ ಡಾಲರಿನಲ್ಲಿವೆ. ಪಿಆರ್ ಶುಲ್ಕಗಳು 2024ರ ಏಪ್ರಿಲ್ 30ರಂದು ಜಾರಿಗೆ ಬಂದ ದರದವು. ಎರಡು ವರ್ಷಕ್ಕೊಮ್ಮೆ ಏರಿಸುವ ರೂಢಿ ಇರುವುದರಿಂದ ಹಣ ಕಟ್ಟುವ ದಿನ ವಲಸೆ ಇಲಾಖೆಯ (ಐಆರ್‌ಸಿಸಿ) ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮದುವಿ ಆಗಿ ಎಂಟು ತಿಂಗಳಾತ್ರಿ. ಮನೆಯವರು ಬ್ರಾಂಪ್ಟನ್‌ನಾಗ ಪಿಆರ್ ಅದಾರ. ನಾನು ಮಾರ್ಚ್ 14ಕ್ಕ ವಿಸಿಟರ್ ವೀಸಾದ ಮ್ಯಾಲೆ ಬಂದೀನಿ. ಪಾಸ್‌ಪೋರ್ಟಿನ್ಯಾಗ ವೀಸಾ 2031ರ ತನಕ ಐತಿ, ಹಂಗಾದ್ರ ಅವಸರ ಏನಿಲ್ಲ ಅಲ್ರಿ? ಪಿಆರ್ ಅರ್ಜಿ ಇಲ್ಲಿಂದ ಹಾಕಬಹುದೋ, ಊರಿಗೆ ಬಂದು ಹಾಕಬೇಕೋ?
(ಹೆಸರು ಬೇಡ, ಗೋಕಾಕ)

ಉತ್ತರ: ಅಲ್ಲಿಂದಲೇ ಹಾಕಬಹುದು. ಆದರೆ ಅವಸರ ಇದೆ, ತಾಯಿ. ನೀವು ನೋಡುತ್ತಿರುವ 2031 ಎಂಬುದು ಬಾಗಿಲು ತಟ್ಟಲು ಇರುವ ಗಡುವು, ಒಳಗೆ ಉಳಿಯಲು ಇರುವ ಗಡುವಲ್ಲ. ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಬೇರೆ ತಾರೀಖು ಬರೆಯದೆ ಬರೀ ಮುದ್ರೆ ಒತ್ತಿದ್ದರೆ, ಒಳಗೆ ಬಂದ ದಿನದಿಂದ ಆರು ತಿಂಗಳು ಇರಬಹುದು. ನಿಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ 14. ಮುದ್ರೆಯ ಪಕ್ಕ ಪೆನ್ನಿನಿಂದ ತಾರೀಖು ಬರೆದಿದ್ದರೆ ಅದೇ ಅಂತಿಮ. ಮುದ್ರೆಯೇ ಇಲ್ಲದಿದ್ದರೆ ಬೋರ್ಡಿಂಗ್ ಪಾಸ್ ಎತ್ತಿಡಿ, ಬಂದ ದಿನಕ್ಕೆ ಅದೇ ಸಾಕ್ಷಿ.

ಎರಡನೆಯ ತಪ್ಪು ತಿಳಿವಳಿಕೆ ಇದಕ್ಕಿಂತ ದುಬಾರಿ. ‘ಪಿಆರ್ ಅರ್ಜಿ ಹಾಕಿದ್ದೇವಲ್ಲ, ಇನ್ನು ಇರಬಹುದು’ ಎಂದು ಬಹಳ ಮಂದಿ ಸುಮ್ಮನಾಗುತ್ತಾರೆ. ಪಿಆರ್ ಅರ್ಜಿ ತಾನಾಗಿ ಒಂದು ದಿನವನ್ನೂ ಹೆಚ್ಚಿಗೆ ಕೊಡುವುದಿಲ್ಲ. ವಿಸಿಟರ್ ಅವಧಿ ಮುಂದುವರಿಸಲು ಬೇರೆ ಅರ್ಜಿಯನ್ನೇ ಹಾಕಬೇಕು, ಶುಲ್ಕ 100 ಡಾಲರ್. ಅವಧಿ ಮುಗಿಯುವುದಕ್ಕೆ ಕನಿಷ್ಠ 30 ದಿನ ಮೊದಲು ಹಾಕಿರಿ ಎಂದು ಇಲಾಖೆ ಹೇಳುತ್ತದೆ, ಅಂದರೆ ಆಗಸ್ಟ್ 15ರೊಳಗೆ. ಅವಧಿ ಮುಗಿಯುವ ಮೊದಲೇ ಹಾಕಿದ್ದರೆ, ಉತ್ತರ ಬರುವ ತನಕ ಹಳೆಯ ಷರತ್ತುಗಳ ಮೇಲೆಯೇ ಕಾನೂನುಬದ್ಧವಾಗಿ ಉಳಿಯಬಹುದು. ಒಂದು ದಿನ ತಡವಾದರೂ ಆ ಅನುಕೂಲವಿಲ್ಲ. ಆಮೇಲೆ 90 ದಿನದೊಳಗೆ ಹೆಚ್ಚಿನ ಹಣ ಕಟ್ಟಿ, ಕಳೆದುಹೋದ ಸ್ಥಾನಮಾನ ವಾಪಸ್ ಕೊಡಿ ಎಂದು ಕೇಳಬೇಕಾಗುತ್ತದೆ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕಿಂತ ಆಚೆಗೆ ಅವಧಿ ಕೊಡುವುದಿಲ್ಲ, ಅದನ್ನೂ ಈಗಲೇ ತೆರೆದು ನೋಡಿ.

ಆ ಅರ್ಜಿಯ ಜೊತೆ ಇಡುವ ಪತ್ರದಲ್ಲಿ ನಿಜವನ್ನೇ ಬರೆಯಿರಿ: ಗಂಡನ ಜೊತೆ ಇದ್ದೇನೆ, ಪಿಆರ್ ಅರ್ಜಿ ಹಾಕಿದ್ದೇವೆ ಅಥವಾ ಹಾಕುತ್ತಿದ್ದೇವೆ, ಅದು ಆಗದಿದ್ದರೆ ಅವಧಿ ಮುಗಿಯುವಷ್ಟರಲ್ಲಿ ಊರಿಗೆ ಹೋಗುತ್ತೇನೆ. ಕಾಯಂ ಆಗಿ ಇರುವ ಆಸೆ, ಸದ್ಯಕ್ಕೆ ತಾತ್ಕಾಲಿಕವಾಗಿ ಇರುವ ಕೋರಿಕೆ, ಎರಡೂ ಒಟ್ಟಿಗೆ ಇರಬಹುದೆಂದು ಕೆನಡಾದ ವಲಸೆ ಕಾನೂನಿನ 22(2)ನೇ ವಿಧಿಯೇ ಒಪ್ಪುತ್ತದೆ. ‘ಊರು ನೋಡಲು ಬಂದಿದ್ದೇನೆ’ ಎಂದು ಸುಳ್ಳು ಬರೆದು, ತಿಂಗಳ ನಂತರ ಪಿಆರ್ ಅರ್ಜಿ ಹಾಕಿದರೆ ಎರಡೂ ಕಡತ ಒಂದೇ ಇಲಾಖೆಯಲ್ಲಿ ಎದುರುಬದುರು ಕೂರುತ್ತವೆ. ತಪ್ಪು ಮಾಹಿತಿ ಎಂದು ಸಾಬೀತಾದರೆ ಐದು ವರ್ಷ ಬಾಗಿಲು ಬಂದ್.

ಪಿಆರ್ ಅರ್ಜಿ ಆನ್‌ಲೈನ್‌ನಲ್ಲೇ. ಖಾತೆ ತೆರೆಯಬೇಕಾದವರು ನೀವು, ಮನೆಯವರಲ್ಲ. ಮುಖ್ಯ ಫಾರಂಗಳು: ಮನೆಯವರು ಜವಾಬ್ದಾರಿ ಒಪ್ಪುವ ಐಎಂಎಂ 1344, ಸಂಬಂಧದ ವಿವರದ ಐಎಂಎಂ 5532, ನಿಮ್ಮ ವಿವರದ ಐಎಂಎಂ 0008, ಹಿನ್ನೆಲೆಯ ಐಎಂಎಂ 5669, ಕುಟುಂಬದ ಐಎಂಎಂ 5406. ಪಟ್ಟಿ ಐಎಂಎಂ 5533ರಲ್ಲಿ ಇದೆ, ಅದನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಗೆರೆ ಹೊಡೆಯಿರಿ. ಒಂದು ಸಹಿ ಬಿಟ್ಟರೂ ಇಡೀ ಅರ್ಜಿ ‘ಅಪೂರ್ಣ’ ಎಂದು ವಾಪಸ್ ಬರುತ್ತದೆ, ಸರದಿಯೂ ಹೋಗುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳ ಅರ್ಜಿ ಹೆಚ್ಚಾಗಿ ಎಡವುವುದು ಹತ್ತು ವರ್ಷದ ಹಿನ್ನೆಲೆ ಬರೆಯುವಲ್ಲಿ. ಬಿ.ಇ. ಮುಗಿದದ್ದು ಜೂನ್, ಮದುವೆ ಮರುವರ್ಷದ ಮೇ. ನಡುವಿನ ಹನ್ನೊಂದು ತಿಂಗಳು ಖಾಲಿ. ‘ಮನೆಯಲ್ಲಿದ್ದೆ, ಅದೇನು ಬರೆಯುವುದು’ ಎಂದು ಬಿಟ್ಟರೆ ಅಧಿಕಾರಿಗೆ ಅದು ಬಚ್ಚಿಟ್ಟ ಕಾಲ. ‘ಉದ್ಯೋಗವಿಲ್ಲ, ಮನೆಯಲ್ಲಿ, ಗೋಕಾಕ’ ಎಂದು ತಿಂಗಳು ವರ್ಷ ಸಮೇತ ಒಂದು ಸಾಲು ಹಾಕಿ. ಒಂದು ತಿಂಗಳ ತೂತೂ ಉಳಿಯಬಾರದು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಅಲ್ಲಿದ್ದೀರಾದ್ದರಿಂದ ಭಾರತೀಯ ಕಾನ್ಸುಲೇಟ್ ಕೆಲಸ ನೋಡುವ ಬಿಎಲ್‌ಎಸ್ ಕೇಂದ್ರದ ಮೂಲಕ ತೆಗೆಸಬಹುದು. ಪರಿಶೀಲನೆ ಬೇಕಾದರೆ ಅದು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಠಾಣೆಗೇ ಹೋಗುತ್ತದೆ, ಹಾಗಾಗಿ ತವರಿನವರಿಗೆ ಮೊದಲೇ ಹೇಳಿಡಿ. ಇನ್ನೊಂದು ಮಾತು: ವಿಸಿಟರ್ ವೀಸಾಕ್ಕೆ ಕೊಟ್ಟ ಬೆರಳಚ್ಚು ಪಿಆರ್‌ಗೆ ನಡೆಯುವುದಿಲ್ಲ, ಮತ್ತೆ ಕೊಡಬೇಕು.

ಮನೆಯವರ ಸಂಬಳ ಇಷ್ಟೇ ಇರಬೇಕೆಂಬ ಮಿತಿ ಸಾಮಾನ್ಯವಾಗಿ ಹೆಂಡತಿಯ ವಿಷಯದಲ್ಲಿ ಇಲ್ಲ. ಆದರೆ ಅಂಗವೈಕಲ್ಯದ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಸರಕಾರದ ಸಹಾಯಧನ ತೆಗೆದುಕೊಳ್ಳುತ್ತಿದ್ದರೆ ಅವರು ಅರ್ಹರಲ್ಲ. ನಿಮ್ಮ ಖರ್ಚಿಗೆ ಅವರು ಮೂರು ವರ್ಷ ಹೊಣೆ, ನಡುವೆ ಸಂಸಾರ ಮುರಿದರೂ. ಕ್ವಿಬೆಕ್ ಪ್ರಾಂತ್ಯದ ನಿಯಮ ಬೇರೆ, ನೀವು ಒಂಟಾರಿಯೋದಲ್ಲಿರುವುದರಿಂದ ಅದರ ಗೊಡವೆ ಇಲ್ಲ.

ಪ್ರಶ್ನೆ: ಮಗಳು ಕೆನಡಾದಲ್ಲಿ ಅಳಿಯನ ಜೊತೆ ವಿಸಿಟರ್ ಆಗಿ ಇದ್ದಾಳೆ, ಪಿಆರ್ ಅರ್ಜಿ ಹಾಕುವವರಿದ್ದಾರೆ. ಮುಂದಿನ ಫಾಲ್ಗುಣದಲ್ಲಿ ಚಿಕ್ಕವಳ ಮದುವೆ. ಅಕ್ಕ ಬರದೆ ಅಕ್ಕಿಕಾಳು ಬೀಳುವುದು ಹೇಗೆ? ಬಂದು ಹೋದರೆ ಅರ್ಜಿ ಕೆಡುತ್ತದೆಯೇ?
(ನವನಗರ, ಬಾಗಲಕೋಟೆ)

ಉತ್ತರ: ಯಾವ ವರ್ಗದಲ್ಲಿ ಹಾಕುತ್ತಾರೆ ಎಂಬುದರ ಮೇಲೆ ಇದೆ. ಎರಡು ದಾರಿಗಳಿವೆ. ಕೆನಡಾದೊಳಗೆ ಒಟ್ಟಿಗೆ ವಾಸಿಸುವ ದಂಪತಿಗಳ ವರ್ಗ ಒಂದು, ಜನ ‘ಇನ್‌ಲ್ಯಾಂಡ್’ ಅನ್ನುತ್ತಾರೆ. ಇನ್ನೊಂದು ಕುಟುಂಬ ವರ್ಗ, ‘ಔಟ್‌ಲ್ಯಾಂಡ್’. ಹೆಸರು ನೋಡಿ ಮೋಸ ಹೋಗಬೇಡಿ, ಕೆನಡಾದಲ್ಲಿ ಕುಳಿತೂ ಔಟ್‌ಲ್ಯಾಂಡ್ ಹಾಕಬಹುದು.

ಇನ್‌ಲ್ಯಾಂಡ್‌ನಲ್ಲಿ ಹಾಕಿ ಊರಿಗೆ ಬರಬಾರದೆಂಬ ನಿಷೇಧವಿಲ್ಲ. ತೊಂದರೆ ಇರುವುದು ಮರಳುವಾಗ. ವೀಸಾ ಇದ್ದರೂ ಒಳಗೆ ಬಿಡುವುದು ವಿಮಾನ ನಿಲ್ದಾಣದ ಅಧಿಕಾರಿಯ ವಿವೇಚನೆ. ಆತ ಬಿಡದಿದ್ದರೆ, ಕೆನಡಾದಲ್ಲಿ ಒಟ್ಟಿಗೆ ಇರಬೇಕೆಂಬ ಷರತ್ತೇ ಮುರಿದು ಅರ್ಜಿ ಬೀಳುತ್ತದೆ. ಆ ವರ್ಗದಲ್ಲಿ ತಿರಸ್ಕಾರವಾದರೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕೂ ಇಲ್ಲ. ಔಟ್‌ಲ್ಯಾಂಡ್‌ನಲ್ಲಿ ಎಲ್ಲಿದ್ದರೂ ಅರ್ಜಿ ನಡೆಯುತ್ತದೆ, ತಿರಸ್ಕಾರವಾದರೆ ಅಳಿಯ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಮನೆಯಲ್ಲಿ ಮದುವೆ ಇದೆ ಎಂದು ಗೊತ್ತಿದ್ದೇ ಹಾಕುವುದಾದರೆ ನಮ್ಮ ಮತ ಔಟ್‌ಲ್ಯಾಂಡ್‌ಗೆ. ನಡುವೆ ವರ್ಗ ಬದಲಿಸಲು ಬರುವುದಿಲ್ಲ, ಹಿಂತೆಗೆದುಕೊಂಡು ಹೊಸದಾಗಿ ಹಾಕಬೇಕು.

ಇನ್‌ಲ್ಯಾಂಡ್ ನಿಜವಾಗಿ ಕೈಹಿಡಿಯುವುದು ವಿಸಿಟರ್ ಅವಧಿ ಮೀರಿಹೋದವರನ್ನು. 2005ರಿಂದ ಇರುವ ನೀತಿಯೊಂದರ ಪ್ರಕಾರ ಅವಧಿ ಮೀರಿದ್ದು, ಅನುಮತಿ ಇಲ್ಲದೆ ದುಡಿದದ್ದು ಇವನ್ನಷ್ಟೇ ಕಾರಣ ಮಾಡಿ ಇಂಥ ದಂಪತಿಯ ಅರ್ಜಿ ತಳ್ಳಿಹಾಕುವುದಿಲ್ಲ. ಸುಳ್ಳು ಹೇಳಿದ್ದಕ್ಕೆ, ಅಪರಾಧಕ್ಕೆ ಈ ಕ್ಷಮೆ ಇಲ್ಲ.

ಪ್ರಶ್ನೆ: ಮದುವೆಯಲ್ಲಿ ನನ್ನ ಹೆಸರು ಬದಲಿಸಿದರು. ಲಗ್ನಪತ್ರಿಕೆಯಲ್ಲಿ, ಆಧಾರ್‌ನಲ್ಲಿ ಹೊಸ ಹೆಸರು; ಪಾಸ್‌ಪೋರ್ಟ್‌, ಅಂಕಪಟ್ಟಿಯಲ್ಲಿ ಹಳೆಯದು. ಜನನ ದಾಖಲೆ ಮರಾಠಿಯಲ್ಲಿದೆ. ಏನು ಮಾಡಲಿ?
(ಶಹಾಪುರ, ಬೆಳಗಾವಿ)

ಉತ್ತರ: ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಬರೆದ ಹೆಸರಿಗೆ ಕೆನಡಾದಲ್ಲಿ ಬೆಲೆ ಬರಬೇಕಾದರೆ ಕಾಗದ ಬೇಕು. ಅರ್ಜಿಯ ತುಂಬ ಪಾಸ್‌ಪೋರ್ಟಿನ ಹೆಸರನ್ನೇ ಬಳಸಿ, ಕಾಗುಣಿತ ಕೂಡ ಅದೇ. ‘ಬೇರೆ ಹೆಸರು ಬಳಸಿದ್ದೀರಾ’ ಎಂಬಲ್ಲಿ ಮದುವೆಯ ಹೆಸರನ್ನು ತಪ್ಪದೆ ಬರೆಯಿರಿ. ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಲಗತ್ತಿಸಿ. ಪಾಸ್‌ಪೋರ್ಟನ್ನು ಈಗ ಬದಲಿಸಲು ಹೋಗಬೇಡಿ. ಅರ್ಜಿಯ ನಡುವೆ ಪಾಸ್‌ಪೋರ್ಟ್ ಬದಲಾದರೆ ಕಡತ ತಿದ್ದಿಸುವ ಕೆಲಸ ಬೇರೆ ಸೇರುತ್ತದೆ.

ಮದುವೆಯ ದಾಖಲೆ ಎಂದರೆ ಉಪನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರ. ಮಂಗಲ ಕಾರ್ಯಾಲಯದ ರಸೀದಿ, ಗುಡಿಯ ಪತ್ರ ಸಾಲವು. ನೀವಿಬ್ಬರೂ ಊರಿನಲ್ಲಿರುವಾಗಲೇ ನೋಂದಣಿ ಮುಗಿಸಿಕೊಳ್ಳಿ.

ಮರಾಠಿ, ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ, ಅನುವಾದಕರ ಅಫಿಡವಿಟ್, ಮೂಲದ ದೃಢೀಕೃತ ಪ್ರತಿ ಮೂರೂ ಬೇಕು. ಮನೆಯವರು, ನೆಂಟರು ಅನುವಾದಿಸುವಂತಿಲ್ಲ, ಅವರು ವಕೀಲರಾಗಿದ್ದರೂ ಸರಿಯೇ. ಕೈಗೆ ಬಂದ ಅನುವಾದವನ್ನು ಪಾಸ್‌ಪೋರ್ಟ್ ಪಕ್ಕ ಇಟ್ಟು ಓದಿ. 2014ರ ನವೆಂಬರ್ 1ಕ್ಕೆ ಬೆಲ್ಗಾಮ್ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಪಾಸ್‌ಪೋರ್ಟಿನಲ್ಲಿ ಹಳೆಯದು, ಜನನ ಪತ್ರದ ಹೊಸ ಪ್ರತಿಯಲ್ಲಿ ಹೊಸದು ಇರುವುದು ಮಾಮೂಲು; ಎರಡೂ ಒಂದೇ ಊರು ಎಂದು ವಿವರಣೆ ಪತ್ರದಲ್ಲಿ ಒಂದು ಸಾಲು ಸಾಕು. ಹುಟ್ಟಿದ ದಿನವೂ ಹಾಗೆಯೇ: ಸಾಲಿ ಮಾಸ್ತರರು ಜೂನ್ 1 ಎಂದು ಬರೆದದ್ದು ಪಾಸ್‌ಪೋರ್ಟಿನಲ್ಲಿ ಕುಳಿತಿದ್ದರೆ ಅರ್ಜಿಗೆ ಅದೇ ಹುಟ್ಟುಹಬ್ಬ. ಜಾತಕ ಮನೆಯಲ್ಲಿರಲಿ.

ಪ್ರಶ್ನೆ: ಅಕ್ಕನ ಮಗಳನ್ನೇ ಮದುವಿ ಆಗೀನ್ರಿ. ಇದು ಅಲ್ಲಿ ನಡೆಯಂಗಿಲ್ಲ, ಸಂಬಂಧ ಹೇಳಬ್ಯಾಡ ಅಂತ ಗೆಳೆಯಾರು ಹೆದರಸ್ಯಾರ.
(ಸಿಂದಗಿ, ವಿಜಯಪುರ ಜಿಲ್ಲೆ)

ಉತ್ತರ: ಗೆಳೆಯರ ಮಾತು ಕೇಳಬೇಡಿ. ಮದುವೆ ಆದ ಊರಿನ ಕಾನೂನಿಗೂ ಕೆನಡಾದ ಕಾನೂನಿಗೂ ಮದುವೆ ಸಿಂಧುವಾಗಿರಬೇಕು, ಅಷ್ಟೇ ಅವರ ಪ್ರಶ್ನೆ. ಹಿಂದೂ ವಿವಾಹ ಕಾಯ್ದೆ ಸೋದರಮಾವನ ಮದುವೆಯನ್ನು ರೂಢಿ ಇದ್ದಲ್ಲಿ ಒಪ್ಪುತ್ತದೆ, ನಮ್ಮ ಸೀಮೆಯಲ್ಲಿ ಆ ರೂಢಿಗೆ ಸಾಕ್ಷಿ ಹುಡುಕಬೇಕಿಲ್ಲ. ಕೆನಡಾದ 1990ರ ಕಾನೂನು ತಡೆಯುವುದು ನೇರ ವಂಶದವರನ್ನು ಮತ್ತು ಒಡಹುಟ್ಟಿದವರನ್ನು, ಅರೆ ಸಂಬಂಧ ಮತ್ತು ದತ್ತು ಸೇರಿ. ಸೋದರಮಾವ–ಸೋದರಸೊಸೆ ಅದರಲ್ಲಿಲ್ಲ.

ಮುಚ್ಚಿಟ್ಟರೆ ಹೊರಬರದೇ ಇರದು. ಹೆಂಡತಿಯ ತಾಯಿಯ ಹೆಸರು ಕುಟುಂಬದ ಫಾರಂನಲ್ಲಿದೆ, ನಿಮ್ಮ ಅಕ್ಕನ ಹೆಸರು ನಿಮ್ಮ ಹಳೆಯ ಕಡತದಲ್ಲಿದೆ, ಎರಡೂ ಒಂದೇ. ‘ಹೇಗೆ ಪರಿಚಯ’ ಎಂಬಲ್ಲಿ ಹುಟ್ಟಿದಾಗಿನಿಂದ ಗೊತ್ತು, ಹಿರಿಯರು ಇಂಥ ವರ್ಷ ಮಾತು ತೆಗೆದರು, ಇಂಥ ದಿನ ನಿಶ್ಚಯವಾಯಿತು ಎಂದು ಬರೆಯಿರಿ. ಫೋಟೊ ಇಪ್ಪತ್ತರೊಳಗೆ ಸಾಕು: ನಿಶ್ಚಯ, ಅರಿಶಿಣ, ಅಕ್ಷತೆ, ಆಮೇಲಿನ ಸಂಸಾರದ್ದು. ಪ್ರತಿಯೊಂದರ ಕೆಳಗೆ ತಾರೀಖು, ಊರು, ಯಾರು ಯಾರು ಎಂದಿರಲಿ. ವರ–ವಧು ಇಬ್ಬರೇ ಸ್ಟುಡಿಯೊದಲ್ಲಿ ನಿಂತ ಹದಿನೈದು ಫೋಟೊಗಿಂತ ಎರಡೂ ಮನೆಯವರು ಪಂಕ್ತಿಯಲ್ಲಿ ಕುಳಿತ ಒಂದು ಫೋಟೊ ಹೆಚ್ಚು ಮಾತಾಡುತ್ತದೆ.

ಪ್ರಶ್ನೆ: ಮಗ ಪಿಆರ್ ಪಡೆದು ಇಳಿಯುವ ಮೊದಲೇ ರಿಜಿಸ್ಟರ್ ಮದುವೆ ಆಗಿತ್ತು. ಏಜೆಂಟ್ ಹೇಳಿದಂತೆ ಒಂಟಿ ಎಂದೇ ಬರೆದಿದ್ದ. ಈಗ ಸೊಸೆಯ ಅರ್ಜಿಗೆ ಅದೇ ಏಜೆಂಟ್ ಮೂರೂವರೆ ಲಕ್ಷ ಕೇಳುತ್ತಾನೆ.
(ಮುಧೋಳ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. 2024ರ ದರದಲ್ಲಿ ಸರಕಾರಿ ಶುಲ್ಕ ಪ್ರಾಯೋಜಕರ (ಅರ್ಜಿಗೆ ಹೊಣೆ ನಿಲ್ಲುವ ಗಂಡನ ಅಥವಾ ಹೆಂಡತಿಯ) 85, ಪರಿಶೀಲನೆಯ 545, ಕಾಯಂ ವಾಸದ ಹಕ್ಕಿನ 575, ಬೆರಳಚ್ಚಿನ 85, ಒಟ್ಟು 1290 ಡಾಲರ್. ಕೆನಡಾ ವಲಸೆ ಕೆಲಸವನ್ನು ಹಣ ಪಡೆದು ಮಾಡಲು ಅಲ್ಲಿಯ ಪರವಾನಗಿ ಪಡೆದ ಸಲಹೆಗಾರರಿಗೆ, ವಕೀಲರಿಗೆ ಇಂಥವರಿಗಷ್ಟೇ ಹಕ್ಕು.

ನಿಮ್ಮ ತೊಡಕು ಹಣದ್ದಲ್ಲ. ಇಳಿಯುವಾಗ ಹೇಳದೆ ಬಿಟ್ಟ ಹೆಂಡತಿಯನ್ನು ಆಮೇಲೆ ಕುಟುಂಬ ವರ್ಗದಲ್ಲಿ ಕರೆಸಲು ಬರುವುದಿಲ್ಲ, ನಿಯಮ 117(9)(ಡಿ). ಅಲ್ಲದೆ ಮಗನ ಪಿಆರ್ ಮೇಲೆಯೇ ಪ್ರಶ್ನೆ ಏಳಬಹುದು. ಕೆಲವು ಪ್ರಕರಣಗಳಿಗೆ 2019ರಲ್ಲಿ ತಾತ್ಕಾಲಿಕ ವಿನಾಯಿತಿ ತಂದಿದ್ದರು, ನಿಮ್ಮದು ಅದರಲ್ಲಿ ಕೂರುತ್ತದೋ ಇಲ್ಲವೋ ಎಂದು ಅಲ್ಲಿಯ ವಕೀಲರೇ ಕಡತ ನೋಡಿ ಹೇಳಬೇಕು. ಅದಕ್ಕೂ ಮೊದಲು ಯಾವ ಫಾರಂಗೂ ಸಹಿ ಬೇಡ. ಮದುವೆಯ ತಾರೀಖು ಮುಂದೆ ಹಾಕಿ ‘ಇನ್ನೊಮ್ಮೆ ಮದುವೆ’ ಮಾಡಿಸುವ ಉಪಾಯ ಯಾರಾದರೂ ಹೇಳಿದರೆ ಎದ್ದು ಬನ್ನಿ.

ಪ್ರಶ್ನೆ: ಪಿಆರ್ ಬರುವ ತನಕ ಕೆಲಸ ಮಾಡಬಹುದೇ? ಬ್ಲೌಸ್ ಹೊಲಿಯಲು ಬರುತ್ತದೆ, ಸುತ್ತಲಿನವರು ಕೇಳುತ್ತಿದ್ದಾರೆ.
(ಜಮಖಂಡಿಯವರು, ಈಗ ಎಡ್ಮಂಟನ್)

ಉತ್ತರ: ವಿಸಿಟರ್ ಆಗಿರುವಾಗ ಹಣಕ್ಕೆ ಹೊಲಿಯುವಂತಿಲ್ಲ, ಪಕ್ಕದ ಮನೆಯವರದ್ದಾದರೂ. ಪಿಆರ್ ಅರ್ಜಿ ಸೇರಿದ್ದಕ್ಕೆ ಇಲಾಖೆಯ ಸ್ವೀಕೃತಿ ಪತ್ರ ಬಂದ ಮೇಲೆ, ಗಂಡನ ಜೊತೆ ಒಂದೇ ವಿಳಾಸದಲ್ಲಿದ್ದು ವಿಸಿಟರ್ ಸ್ಥಾನಮಾನ ಉಳಿಸಿಕೊಂಡಿದ್ದರೆ, ಓಪನ್ ವರ್ಕ್ ಪರ್ಮಿಟ್‌ಗೆ (ಯಾರ ಬಳಿಯಾದರೂ ದುಡಿಯಬಹುದಾದ ಅನುಮತಿಗೆ) ಅರ್ಜಿ ಹಾಕಿ. ಪರ್ಮಿಟ್‌ಗೆ 155, ಓಪನ್ ಎಂಬುದಕ್ಕೆ 100, ಸೇರಿ 255 ಡಾಲರ್. ಸ್ವೀಕೃತಿ ಪತ್ರದ ಪ್ರತಿ ಲಗತ್ತಿಸುವುದನ್ನು ಮರೆಯಬೇಡಿ. ಪರ್ಮಿಟ್ ಕೈಗೆ ಬಂದ ಮೇಲೆ ಸೋಶಿಯಲ್ ಇನ್ಶೂರೆನ್ಸ್ ನಂಬರ್ (ಅಲ್ಲಿ ದುಡಿಯಲು ಬೇಕಾದ ಸರಕಾರಿ ಸಂಖ್ಯೆ) ತೆಗೆಸಿ, ಆಮೇಲೆ ಮಿಷನ್ನಿಗೆ ದಾರ ಪೋಣಿಸಿ.